ಪೊರೆ ಆಪರೇಷನ್: ಹಿಂದಿನ ವಾರ, ಮುಂದಿನ ಆರು ವಾರ

ಕಣ್ಣಿನ ಪೊರೆಯ ಬಗ್ಗೆ ಬೆಂಗಳೂರಿನ ಓದುಗರಿಂದ ಬಂದ ಪತ್ರಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ಪ್ರಶ್ನೆಯನ್ನು ಹಲವರು ಕೇಳಿದ್ದಲ್ಲಿ ಒಂದು ಪತ್ರವನ್ನಷ್ಟೇ ಕೊಟ್ಟಿದ್ದೇವೆ. ಇಲ್ಲಿರುವ ದಿನಗಳ ಲೆಕ್ಕಕ್ಕೂ ನಿಮ್ಮ ಡಾಕ್ಟರ ಚೀಟಿಗೂ ವ್ಯತ್ಯಾಸ ಕಂಡರೆ ಚೀಟಿಯನ್ನೇ ಪಾಲಿಸಿ. ಅವರು ನಿಮ್ಮ ಕಣ್ಣನ್ನು ನೋಡಿ ಬರೆದಿದ್ದಾರೆ.

ಅಮ್ಮನಿಗೆ 68 ವರ್ಷ, ಶುಗರ್ ಇದೆ. ಎರಡೂ ಕಣ್ಣಲ್ಲಿ ಪೊರೆ ಇದೆ ಎಂದಿದ್ದಾರೆ. "ಇನ್ನೂ ಹಣ್ಣಾಗಿಲ್ಲ, ಹಣ್ಣಾದ ಮೇಲೆ ತೆಗೆಸಿದರಾಯಿತು" ಎನ್ನುತ್ತಾರೆ ಸೋದರತ್ತೆ. ಅಲ್ಲಿಯವರೆಗೆ ಕರಗಿಸುವ ಡ್ರಾಪ್ಸ್ ಇದೆಯೇ? — ಓದುಗರು, ಜಯನಗರ

ಇಲ್ಲ. ಪೊರೆ ಎಂದರೆ ಕಣ್ಣಿನ ಮೇಲೆ ಬೆಳೆದ ಪದರವಲ್ಲ. ಪಾಪೆಯ ಹಿಂದಿರುವ ಮಸೂರವೇ ಮಂಜಾಗುವುದು. ಮೇಲಿನಿಂದ ಏನು ಹಾಕಿದರೂ ಆ ಮಂಜು ತಿಳಿಯಾಗುವುದಿಲ್ಲ. ಜೇನುತುಪ್ಪ, ಹರಳೆಣ್ಣೆ, ಈರುಳ್ಳಿ ರಸ ಹಾಕಿದರೆ ಸೋಂಕು ಅಥವಾ ಉರಿ ತಗಲುತ್ತದೆಯೇ ಹೊರತು ಬೇರೇನೂ ಆಗದು.

ಹಣ್ಣಾಗಲಿ ಎಂಬ ಮಾತು ಹಳೆಯ ಆಪರೇಷನ್ನಿನ ಕಾಲದ್ದು. ಆಗ ಮಸೂರವನ್ನು ಇಡಿಯಾಗಿ ಹೊರತೆಗೆದು ದಪ್ಪ ಗಾಜಿನ ಕನ್ನಡಕ ಕೊಡುತ್ತಿದ್ದರು, ಹಾಗಾಗಿ ಕಾಯುವುದರಲ್ಲಿ ಅರ್ಥವಿತ್ತು. ಈಗಿನ ಫೇಕೋ ವಿಧಾನದಲ್ಲಿ 2.2ರಿಂದ 2.8 ಮಿಲಿಮೀಟರ್ ಗಾಯದ ಮೂಲಕ ಸಣ್ಣ ತುದಿಯೊಂದನ್ನು ಒಳಗಿಟ್ಟು, ಅಲ್ಟ್ರಾಸೌಂಡ್ ಕಂಪನದಿಂದ ಮಸೂರವನ್ನು ಒಡೆದು ಹೀರಿ ತೆಗೆದು, ಆ ಜಾಗದಲ್ಲಿ ಕೃತಕ ಲೆನ್ಸ್ ಕೂರಿಸುತ್ತಾರೆ. ಪೊರೆ ಬಲಿತು ಗಟ್ಟಿಯಾದಷ್ಟೂ ಕಂಪನ ಹೆಚ್ಚು ಬೇಕು. ಅದರ ಪೆಟ್ಟು ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಒಳಪದರದ ಜೀವಕೋಶಗಳಿಗೆ ಬೀಳುತ್ತದೆ, ಅವು ಮತ್ತೆ ಹುಟ್ಟುವುದಿಲ್ಲ. ಪೂರ್ತಿ ಬೆಳ್ಳಗಾಗುವವರೆಗೆ ಬಿಟ್ಟರೆ ಮಸೂರ ಊದಿಕೊಂಡು ಕಣ್ಣಿನ ಒತ್ತಡ ಒಮ್ಮೆಲೇ ಏರಿ, ನೋವಿನ ಜೊತೆ ದೃಷ್ಟಿಯೇ ಹೋಗುವ ಸಂದರ್ಭವೂ ಇದೆ.

ಹಾಗೆಂದು ಪೊರೆ ಕಂಡ ದಿನವೇ ಓಡಬೇಕಿಲ್ಲ. ಬಸ್ಸಿನ ನಂಬರು ಹತ್ತಿರ ಬರುವವರೆಗೂ ಕಾಣದಿರುವುದು, ಸಂಜೆ ಎದುರಿನ ಗಾಡಿಗಳ ದೀಪ ಕಣ್ಣಿಗೆ ಚುಚ್ಚುವುದು, ಅಕ್ಕಿ ಆರಿಸುವಾಗ ಕಲ್ಲು ತಪ್ಪಿಹೋಗುವುದು, ಮೆಟ್ಟಿಲ ಅಂಚು ಗೊತ್ತಾಗದಿರುವುದು, ಇಂಥ ತೊಂದರೆ ಹೊಸ ಕನ್ನಡಕದಿಂದಲೂ ಸರಿಹೋಗದಿದ್ದರೆ ಅದೇ ಸಮಯ. ನಿಮ್ಮ ತಾಯಿಗೆ ಇನ್ನೊಂದು ಕಾರಣವೂ ಇದೆ. ಶುಗರ್ ಇರುವವರ ರೆಟಿನಾವನ್ನು, ಅಂದರೆ ಕಣ್ಣಿನ ಹಿಂಭಾಗದಲ್ಲಿ ಚಿತ್ರ ಮೂಡುವ ಪದರವನ್ನು, ವರ್ಷಕ್ಕೊಮ್ಮೆಯಾದರೂ ನೋಡಬೇಕು. ಪೊರೆ ದಟ್ಟವಾದರೆ ಡಾಕ್ಟರಿಗೆ ರೆಟಿನಾ ಕಾಣುವುದಿಲ್ಲ. ರೆಟಿನಾದಲ್ಲಿ ಊತವೋ ರಕ್ತಸ್ರಾವವೋ ಇದ್ದರೆ ಸಾಮಾನ್ಯವಾಗಿ ಅದಕ್ಕೆ ಮೊದಲು ಚಿಕಿತ್ಸೆ, ಆಮೇಲೆ ಪೊರೆ. ಈ ಪರೀಕ್ಷೆಯನ್ನು ಹಾರಿಸಿ ಆಪರೇಷನ್ ಮಾಡಿಸಿಕೊಂಡವರು "ಲೆನ್ಸ್ ಸರಿಯಿಲ್ಲ" ಎಂದು ಬೇಸರಪಡುತ್ತಾರೆ. ಎಷ್ಟೋ ಸಲ ಲೆನ್ಸ್ ಸರಿಯಾಗಿಯೇ ಇರುತ್ತದೆ, ಕೆಟ್ಟಿರುವುದು ಅದರ ಹಿಂದಿನ ರೆಟಿನಾ.

ತಂದೆಗೆ 74. ಮುಂದಿನ ಗುರುವಾರ ಆಪರೇಷನ್. ಬಿಪಿ, ಶುಗರ್, ಪ್ರಾಸ್ಟೇಟ್ ಮಾತ್ರೆಗಳ ಜೊತೆ ಆಸ್ಪಿರಿನ್ ತಗೊಳ್ತಾರೆ. ಯಾವುದನ್ನು ನಿಲ್ಲಿಸಬೇಕು? ಮತ್ತೇನು ತಯಾರಿ ಬೇಕು? — ಓದುಗರು, ರಾಜಾಜಿನಗರ

ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ. ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನೂ ಒಂದು ಕವರಿಗೆ ಹಾಕಿಕೊಂಡು ಹೋಗಿ ಡಾಕ್ಟರ ಮುಂದಿಡಿ. ಬಾಯಲ್ಲಿ ಹೇಳುವಾಗ ಬಿಟ್ಟುಹೋಗುವುದು ಹೆಚ್ಚಾಗಿ ಪ್ರಾಸ್ಟೇಟ್ ಮಾತ್ರೆಯೇ, ಕಣ್ಣಿಗೂ ಅದಕ್ಕೂ ಏನು ಸಂಬಂಧ ಎಂದುಕೊಳ್ಳುತ್ತಾರೆ. ಸಂಬಂಧ ಇದೆ. ಟ್ಯಾಮ್ಸುಲೋಸಿನ್ ಮತ್ತು ಅದೇ ಗುಂಪಿನ ಮಾತ್ರೆಗಳು ಪಾಪೆಯ ಸುತ್ತಲಿನ ಸ್ನಾಯುವನ್ನು ಸಡಿಲಗೊಳಿಸುತ್ತವೆ. ಆಪರೇಷನ್ ನಡುವೆ ಪಾಪೆ ಕುಗ್ಗಿ, ಐರಿಸ್ (ಪಾಪೆಯ ಸುತ್ತಲಿನ ಬಣ್ಣದ ಭಾಗ) ಒದ್ದೆ ಬಟ್ಟೆಯಂತೆ ಅಲೆಯತೊಡಗುತ್ತದೆ. ಮೊದಲೇ ಗೊತ್ತಿದ್ದರೆ ಡಾಕ್ಟರು ಅದಕ್ಕೆ ಬೇಕಾದ ಔಷಧ, ಪಾಪೆಯನ್ನು ಹಿಡಿದಿಡುವ ಸಣ್ಣ ಕೊಕ್ಕೆ ಅಥವಾ ಉಂಗುರ ಸಿದ್ಧ ಇಟ್ಟುಕೊಳ್ಳುತ್ತಾರೆ. ಒಂದು ವಾರ ಮಾತ್ರೆ ಬಿಟ್ಟರೂ ಈ ಪರಿಣಾಮ ಪೂರ್ತಿ ಹೋಗದು. ಹಿಂದೆಂದೋ ತೆಗೆದುಕೊಂಡು ಬಿಟ್ಟಿದ್ದರೂ ಹೇಳಲೇಬೇಕು.

ಈಗ ಹೆಚ್ಚಿನ ಕಡೆ ಡ್ರಾಪ್ಸ್ ಹಾಕಿಯೇ ಕಣ್ಣನ್ನು ಮರಗಟ್ಟಿಸುವುದರಿಂದ, ರಕ್ತ ತೆಳುವಾಗಿಸುವ ಆಸ್ಪಿರಿನ್ ನಿಲ್ಲಿಸುವ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ. ಕಣ್ಣಿನ ಪಕ್ಕ ಇಂಜೆಕ್ಷನ್ ಕೊಡುವುದಿದ್ದರೆ, ಅಥವಾ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್‌ನಂಥ ಮಾತ್ರೆ ಇದ್ದರೆ, ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮಾಡಿಸಿ ನಿರ್ಧರಿಸುತ್ತಾರೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಹೃದಯದ ಡಾಕ್ಟರನ್ನು ಕೇಳದೆ ರಕ್ತ ತೆಳುವಾಗಿಸುವ ಮಾತ್ರೆ ಬಿಡುವುದು ಪೊರೆಗಿಂತ ದೊಡ್ಡ ಅಪಾಯ. ಬಿಪಿ ಮಾತ್ರೆಯನ್ನು ಆ ದಿನವೂ ಎಂದಿನ ಹೊತ್ತಿಗೆ ಒಂದು ಗುಟುಕು ನೀರಿನಲ್ಲಿ ನುಂಗಬಹುದೇ ಎಂದು ಕೇಳಿಕೊಳ್ಳಿ. ಹೆಚ್ಚಿನ ಕಡೆ ಹೌದೆನ್ನುತ್ತಾರೆ. ಬಿಪಿ ಏರಿದ್ದರೆ ಆಪರೇಷನ್ನನ್ನೇ ಮುಂದಕ್ಕೆ ಹಾಕುತ್ತಾರೆ. ಖಾಲಿ ಹೊಟ್ಟೆಯಲ್ಲಿ ಬರಲು ಹೇಳಿದ್ದರೆ ಶುಗರ್ ಮಾತ್ರೆ ಮತ್ತು ಇನ್ಸುಲಿನ್ ಬಗ್ಗೆ ಬೇರೆಯಾಗಿ ಕೇಳಿ. ತಿಂಡಿ ತಿನ್ನದೆ ಅವನ್ನು ತೆಗೆದುಕೊಂಡರೆ ಶುಗರ್ ದಿಢೀರನೆ ಇಳಿದು ಬೆವರು, ತಲೆಸುತ್ತು ಬರುತ್ತದೆ.

ಲೆನ್ಸ್ ಪವರ್ ಲೆಕ್ಕಹಾಕಲು ಕಣ್ಣಿನ ಉದ್ದ ಅಳೆಯುತ್ತಾರೆ. ಇದು ಎಷ್ಟು ನಾಜೂಕು ಎಂದರೆ, ಉದ್ದದಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ಕನ್ನಡಕದ ನಂಬರಿನಲ್ಲಿ ಎರಡೂವರೆಯಿಂದ ಮೂರು ಡಯಾಪ್ಟರ್ (ಕನ್ನಡಕದ ನಂಬರಿನ ಅಳತೆ) ತಪ್ಪುತ್ತದೆ. ಅಳೆಯುವಾಗ ಕಣ್ಣು ಅಲುಗಿಸದೆ ದೀಪವನ್ನೇ ನೋಡಲು ತಂದೆಗೆ ಹೇಳಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅಳತೆಗೆ ಮೊದಲು ಅದನ್ನು ಬಿಟ್ಟಿರಬೇಕು. ಮೆತ್ತನೆಯದಾದರೆ ಒಂದೆರಡು ವಾರ, ಗಟ್ಟಿಯದಾದರೆ ಮೂರು ವಾರ ಅಥವಾ ಹೆಚ್ಚು. ಹಿಂದೆ ಕನ್ನಡಕದ ನಂಬರು ತೆಗೆಸಲು ಲೇಸಿಕ್ ಲೇಸರ್ ಮಾಡಿಸಿಕೊಂಡಿದ್ದವರು ಅದನ್ನು ಹೇಳದಿದ್ದರೆ ಲೆಕ್ಕವೇ ತಪ್ಪುತ್ತದೆ. ಕಣ್ಣೀರಿನ ನಾಳಕ್ಕೆ ನೀರು ಬಿಟ್ಟು ನೋಡುವ ಪರೀಕ್ಷೆಯೂ ಇರುತ್ತದೆ. ನೀರು ಗಂಟಲಿಗೆ ಇಳಿದು ಉಪ್ಪುಪ್ಪಾಗಿ ಗೊತ್ತಾದರೆ ನಾಳ ತೆರೆದಿದೆ ಎಂದರ್ಥ. ಅಲ್ಲಿ ಕೀವು ಕಟ್ಟಿದ್ದರೆ ಮೊದಲು ಅದನ್ನು ಸರಿಮಾಡಬೇಕು, ಇಲ್ಲದಿದ್ದರೆ ಆ ಕೀವೇ ಆಪರೇಷನ್ ಆದ ಕಣ್ಣಿಗೆ ಸೋಂಕು ತರುತ್ತದೆ. ಹಲ್ಲಿನ ಹುಣ್ಣು, ಕಾಲಿನ ಗಾಯ, ನೆಗಡಿ, ಜ್ವರ ಇದ್ದರೂ ಮುಚ್ಚಿಡಬೇಡಿ.

ಹಿಂದಿನ ದಿನ ತಲೆಗೆ ಶಾಂಪೂ ಹಾಕಿ ಚೆನ್ನಾಗಿ ಸ್ನಾನ ಮಾಡಿಸಿ, ಏಕೆಂದರೆ ಮುಂದೆ ಒಂದೆರಡು ವಾರ ಆ ಅವಕಾಶವಿಲ್ಲ. ಗಂಡಸರು ಅಂದೇ ಶೇವ್ ಮಾಡಿಕೊಳ್ಳಲಿ. ಆಪರೇಷನ್ ದಿನ ತಲೆಗೆ ಎಣ್ಣೆ, ಮುಖಕ್ಕೆ ಪೌಡರು, ಕಣ್ಣಿಗೆ ಕಾಡಿಗೆ ಬೇಡ. ಉದ್ದ ಕೂದಲಿನ ಹೆಂಗಸರಿಗೆ ಎರಡು ಜಡೆ ಹಾಕಿ. ಹಿಂದೆ ಒಂದೇ ಜಡೆಯೋ ತುರುಬೋ ಇದ್ದರೆ ಮಲಗಿದಾಗ ತಲೆ ಸಮತಟ್ಟಾಗಿ ಕೂರದೆ ಅಲುಗುತ್ತದೆ.

ಸುಮಾರು 20 ನಿಮಿಷ ಅಂಗಾತ ಮಲಗಬೇಕಾಗುತ್ತದೆ. ಉಬ್ಬಸ, ಬೆನ್ನುನೋವು, ಕೆಮ್ಮು ಇದ್ದವರು ಮನೆಯಲ್ಲೇ ತೆಳು ದಿಂಬಿನಲ್ಲಿ ಮಲಗಿ ಅಭ್ಯಾಸ ಮಾಡಿಕೊಳ್ಳಲಿ, ಆಗದಿದ್ದರೆ ಮೊದಲೇ ತಿಳಿಸಲಿ. ಒಳಗೆ ಕೆಮ್ಮೋ ಸೀನೋ ಬಂದರೆ ಕೈ ಎತ್ತಬಾರದು, ಮುಖದ ಮೇಲಿನ ಬಟ್ಟೆ ಕ್ರಿಮಿಮುಕ್ತವಾಗಿರುತ್ತದೆ. "ಕೆಮ್ಮು ಬರ್ತಿದೆ" ಎಂದು ಬಾಯಲ್ಲಿ ಹೇಳಿದರೆ ಸಾಕು, ಡಾಕ್ಟರು ಉಪಕರಣ ಹೊರತೆಗೆದು ಕಾಯುತ್ತಾರೆ. ನೋವು ಇರದು. ಪ್ರಖರ ಬೆಳಕು, ಬಣ್ಣಗಳು, ನೀರು ಹರಿದ ಹಾಗೆ, ಸ್ವಲ್ಪ ಒತ್ತಿದ ಹಾಗೆ ಅನುಭವವಾಗುತ್ತದೆ. ನೋವಾದರೆ ಸಹಿಸಿಕೊಂಡು ಸುಮ್ಮನಿರಬಾರದು, ಹೇಳಬೇಕು.

ಆಸ್ಪತ್ರೆಯಲ್ಲಿ ಮೂರು ಬೆಲೆಯ ಲೆನ್ಸ್ ತೋರಿಸಿದರು. ದುಬಾರಿಯದು ಹಾಕಿಸಿದರೆ ಕನ್ನಡಕವೇ ಬೇಡವಂತೆ. ನಿಜವೇ? — ಓದುಗರು, ವಿಜಯನಗರ

ಅರ್ಧ ನಿಜ. ಮಾನೋಫೋಕಲ್ ಲೆನ್ಸ್ ಒಂದು ದೂರಕ್ಕೆ ಮಾತ್ರ ಸ್ಪಷ್ಟ. ದೂರಕ್ಕೆ ಹಾಕಿಸಿಕೊಂಡರೆ ಪೇಪರ್ ಓದಲು ಸುಮಾರು +2.5 ಕನ್ನಡಕ ಬೇಕು. ಮಲ್ಟಿಫೋಕಲ್ ಲೆನ್ಸ್ ಬೆಳಕನ್ನು ದೂರಕ್ಕೂ ಹತ್ತಿರಕ್ಕೂ ಹಂಚುತ್ತದೆ. ಹಂಚುವುದರಿಂದಲೇ ರಾತ್ರಿ ದೀಪಗಳ ಸುತ್ತ ಉಂಗುರ ಕಾಣುತ್ತವೆ, ಮಬ್ಬು ಬೆಳಕಿನಲ್ಲಿ ಸ್ಪಷ್ಟತೆ ಕಡಿಮೆಯಾಗುತ್ತದೆ. ರಾತ್ರಿ ಗಾಡಿ ಓಡಿಸುವವರು, ರೆಟಿನಾ ತೊಂದರೆ ಅಥವಾ ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಇರುವವರು ಇದಕ್ಕೆ ಹಣ ಕೊಡುವ ಮುಂಚೆ ನೂರು ಸಲ ಯೋಚಿಸಬೇಕು. ಸಿಲಿಂಡರ್ ನಂಬರು (ಕಾರ್ನಿಯಾ ಎಲ್ಲ ದಿಕ್ಕಿಗೂ ಒಂದೇ ಸಮ ಬಾಗಿರದಿದ್ದರೆ ಬರುವ ಕನ್ನಡಕದ ನಂಬರು) ಹೆಚ್ಚಿದ್ದವರಿಗೆ ಅದನ್ನೂ ಸರಿಪಡಿಸುವ ಟೋರಿಕ್ ಲೆನ್ಸ್‌ನಿಂದ ನಿಜವಾದ ಲಾಭವಿದೆ. ಓದುವ ಕನ್ನಡಕ ಹಾಕಿಕೊಳ್ಳಲು ಬೇಸರವಿಲ್ಲದವರಿಗೆ ಒಳ್ಳೆಯ ಮಾನೋಫೋಕಲ್ ಯಾವ ರೀತಿಯಲ್ಲೂ ಕಡಿಮೆಯಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

ವಿಮೆ ಇದ್ದರೆ ಪಾಲಿಸಿಯಲ್ಲಿ ಪೊರೆಗೆ ಎಷ್ಟರವರೆಗೆ ಕೊಡುತ್ತಾರೆ, ಎಷ್ಟು ವರ್ಷ ಕಾಯಬೇಕು ಎಂಬ ಎರಡು ಸಾಲುಗಳನ್ನು ಲೆನ್ಸ್ ಆರಿಸುವ ಮುಂಚೆ ಓದಿ. ಆಪರೇಷನ್ ಆದಮೇಲೆ ಲೆನ್ಸಿನ ಹೆಸರು, ಪವರ್, ಸೀರಿಯಲ್ ನಂಬರ್ ಇರುವ ಸ್ಟಿಕ್ಕರನ್ನು ಡಿಸ್ಚಾರ್ಜ್ ಚೀಟಿಗೆ ಅಂಟಿಸಿ ಕೊಡುತ್ತಾರೆ. ಇಲ್ಲದಿದ್ದರೆ ಕೇಳಿ ಪಡೆಯಿರಿ, ಫೋಟೋ ತೆಗೆದಿಟ್ಟುಕೊಳ್ಳಿ.

ಮಾರ್ಕೆಟ್ ಹತ್ತಿರದ ಮಿಂಟೋ ಆಸ್ಪತ್ರೆಯಂಥ ಸರ್ಕಾರಿ ಕಡೆ ಮಾಡಿಸಬಹುದೇ? ಫೇಕೋ ಅಲ್ಲದ ಆಪರೇಷನ್ ಆದರೆ ಕಳಪೆಯೇ? — ಓದುಗರು, ಚಾಮರಾಜಪೇಟೆ

ಧೈರ್ಯವಾಗಿ ಮಾಡಿಸಿ. ಮಿಂಟೋ ಬೆಂಗಳೂರು ವೈದ್ಯಕೀಯ ಕಾಲೇಜಿಗೆ ಸೇರಿದ ಬೋಧನಾ ಆಸ್ಪತ್ರೆ. ಕುರುಡುತನ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ 1976ರಿಂದ ನಡೆದು ಬಂದಿದೆ, ಅದರಲ್ಲಿ ಪೊರೆ ಆಪರೇಷನ್ನೇ ಮುಖ್ಯ ಕೆಲಸ. ಫೇಕೋ ಬದಲು, ಕಂಪನದ ಯಂತ್ರವಿಲ್ಲದೆ ಕೈಯಿಂದಲೇ ಮಸೂರ ತೆಗೆಯುವ ಸಣ್ಣ ಗಾಯದ ಆಪರೇಷನ್ ಮಾಡಿದರೆ ಗಾಯ ಸುಮಾರು 6 ಮಿಲಿಮೀಟರ್ ಇರುತ್ತದೆ. ಅದಕ್ಕೂ ಸಾಮಾನ್ಯವಾಗಿ ಹೊಲಿಗೆ ಬೇಡ. ಮಾಗಲು ಸ್ವಲ್ಪ ಹೆಚ್ಚು ದಿನ ಹಿಡಿಯುತ್ತದೆ, ಕೊಂಚ ಸಿಲಿಂಡರ್ ನಂಬರು ಉಳಿಯಬಹುದು. ಕಂದು ಬಣ್ಣಕ್ಕೆ ತಿರುಗಿ ಕಲ್ಲಿನಂತಾದ ಪೊರೆಗೆ ಎಷ್ಟೋ ಸಲ ಫೇಕೋಗಿಂತ ಇದೇ ಸುರಕ್ಷಿತ.

ಮೂರು ಬಾಟಲಿ ಡ್ರಾಪ್ಸ್ ಕೊಟ್ಟಿದ್ದಾರೆ. ಅತ್ತೆಯವರಿಗೆ ಹಾಕುವಾಗ ಅರ್ಧ ಕೆನ್ನೆಗೇ ಹೋಗುತ್ತದೆ. ಕಣ್ಣಿನ ಕೆಂಪು ಹೋಗಿ ಬೆಳ್ಳಗಾಗಿದೆ, ಇನ್ನು ನಿಲ್ಲಿಸಬಹುದೇ? — ಓದುಗರು, ಮಲ್ಲೇಶ್ವರ

ನಿಲ್ಲಿಸಬೇಡಿ. ಆಪರೇಷನ್ ಚೆನ್ನಾಗಿ ಆಗಿಯೂ ಕಣ್ಣು ಕೆಡುವುದು ಹೆಚ್ಚಾಗಿ ಇಲ್ಲಿಯೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಮೊದಲು ಸೋಪು ಹಾಕಿ ಕೈ ತೊಳೆದು ಒಣಗಿಸಿಕೊಳ್ಳಿ. ಅತ್ತೆಯವರನ್ನು ಮಲಗಿಸಿ ಅಥವಾ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಒರಗಿಸಿ ಕೂರಿಸಿ, ಸೂರು ನೋಡಲು ಹೇಳಿ. ನಿಮ್ಮ ಎಡಗೈ ತೋರುಬೆರಳಿನಿಂದ ಕೆಳರೆಪ್ಪೆಯನ್ನು ಕೆನ್ನೆಯ ಮೂಳೆಯ ಕಡೆಗೆ ಎಳೆದರೆ ಸಣ್ಣ ಜೇಬಿನಂತೆ ತೆರೆಯುತ್ತದೆ. ಬೆರಳಿನ ಭಾರ ಮೂಳೆಯ ಮೇಲಿರಲಿ, ಕಣ್ಣುಗುಡ್ಡೆಯ ಮೇಲೆ ಬೇಡ. ಬಾಟಲಿಯನ್ನು ಒಂದೆರಡು ಸೆಂಟಿಮೀಟರ್ ಮೇಲೆ ಹಿಡಿದು ಆ ಜೇಬಿಗೆ ಒಂದೇ ಹನಿ ಬಿಡಿ. ಎರಡು ಹಾಕಿದರೆ ಹೆಚ್ಚು ಗುಣವಿಲ್ಲ, ಒಂದು ಹನಿಗೇ ಕಣ್ಣು ತುಂಬುತ್ತದೆ, ಎರಡನೆಯದು ಕೆನ್ನೆಗೇ. ಬಾಟಲಿಯ ತುದಿ ಎವೆಗೆ, ರೆಪ್ಪೆಗೆ ತಾಗಿದರೆ ಅಲ್ಲಿನ ಕ್ರಿಮಿ ಬಾಟಲಿಯೊಳಗೆ ಸೇರಿ, ಮುಂದೆ ಪ್ರತಿ ಹನಿಯ ಜೊತೆ ಕಣ್ಣಿಗೆ ಹೋಗುತ್ತದೆ.

ಹನಿ ಬಿದ್ದಮೇಲೆ ಮೆಲ್ಲಗೆ ಕಣ್ಣು ಮುಚ್ಚಿ, ಎರಡು ನಿಮಿಷ ಹಾಗೇ ಇರಲಿ. ಪಟಪಟ ಮಿಟುಕಿಸಿದರೂ ಬಿಗಿಯಾಗಿ ಹಿಂಡಿದರೂ ಔಷಧ ಹೊರಬರುತ್ತದೆ. ಹೊರಗೆ ಬಂದದ್ದನ್ನು ಆಸ್ಪತ್ರೆಯವರು ಹೇಳಿದಂಥ ಶುದ್ಧ ಹತ್ತಿಯಿಂದ ಕೆನ್ನೆಯ ಮೇಲೆ ಮಾತ್ರ ಒರೆಸಿ, ಸೀರೆಯ ಸೆರಗು ಬೇಡ. ಒಂದು ಡ್ರಾಪ್ಸಿಗೂ ಇನ್ನೊಂದಕ್ಕೂ ಐದು ನಿಮಿಷ ಬಿಡಿ, ಇಲ್ಲದಿದ್ದರೆ ಎರಡನೆಯದು ಮೊದಲಿನದನ್ನು ತೊಳೆದುಬಿಡುತ್ತದೆ.

ಮೂರರಲ್ಲಿ ಒಂದು ಆಂಟಿಬಯೋಟಿಕ್, ಒಂದು ಸ್ಟೀರಾಯ್ಡ್, ಇನ್ನೊಂದು ಸ್ಟೀರಾಯ್ಡ್ ಅಲ್ಲದ ಊತದ ಔಷಧ ಇರಬಹುದು. ಹಾಲಿನಂತೆ ಬೆಳ್ಳಗಿರುವುದು ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಆಗಿದ್ದರೆ ಪ್ರತಿ ಸಲವೂ ಚೆನ್ನಾಗಿ ಕುಲುಕಬೇಕು. ಔಷಧದ ಕಣ ತಳದಲ್ಲಿ ಕೂತಿರುತ್ತದೆ. ಕುಲುಕದಿದ್ದರೆ ಮೊದಲ ವಾರಗಳಲ್ಲಿ ಬರೀ ನೀರು, ಕೊನೆಗೆ ಗಟ್ಟಿ ಔಷಧ. ಸ್ಟೀರಾಯ್ಡನ್ನು ಹಂತಹಂತವಾಗಿ ಇಳಿಸುವುದಕ್ಕೆ ಕಾರಣವಿದೆ: ಒಮ್ಮೆಲೇ ನಿಲ್ಲಿಸಿದರೆ ಒಳಗಿನ ಉರಿಯೂತ ಮರುಕಳಿಸಿ ಕಣ್ಣು ಕೆಂಪಾಗುತ್ತದೆ, ಹೇಳಿದ್ದಕ್ಕಿಂತ ಹೆಚ್ಚು ದಿನ ಹಾಕಿದರೆ ಕೆಲವರಿಗೆ ಕಣ್ಣಿನ ಒತ್ತಡ ಏರುತ್ತದೆ. ಒತ್ತಡ ಏರಿದ್ದು ನೋವಿಲ್ಲದೆ ಏರುವುದರಿಂದ ಗೊತ್ತೇ ಆಗದು. ಮೆಡಿಕಲ್ ಶಾಪಿನಲ್ಲಿ ಹಳೆ ಚೀಟಿ ತೋರಿಸಿ ಮತ್ತೆ ಮತ್ತೆ ತರಬೇಡಿ ಎಂದು ನಾವು ಒತ್ತಿ ಹೇಳುವುದು ಇದಕ್ಕೇ.

ಒಂದು ಲೆಕ್ಕವನ್ನೂ ಮಾಡಿಕೊಳ್ಳಿ. ಚೀಟಿಯಲ್ಲಿ ಮೊದಲ ವಾರ ದಿನಕ್ಕೆ ಆರು ಸಲ, ಆಮೇಲೆ ವಾರಕ್ಕೊಂದು ಇಳಿಸುತ್ತಾ ಆರನೇ ವಾರ ಒಂದು ಸಲ ಎಂದಿದ್ದರೆ ಒಟ್ಟು 147 ಹನಿ ಬೇಕು. 5 ಮಿಲಿ ಬಾಟಲಿಯಲ್ಲಿ ಸುಮಾರು 100 ಹನಿ. ತೆರೆದ ಬಾಟಲಿಯನ್ನು ತಿಂಗಳ ಮೇಲೆ ಬಳಸಲೂಬಾರದು. ಅಂದರೆ ಒಂದರಲ್ಲಿ ಮುಗಿಯುವುದಿಲ್ಲ. ತೆರೆದ ದಿನಾಂಕವನ್ನು ಬಾಟಲಿಯ ಮೇಲೆ ಪೆನ್ನಿನಲ್ಲಿ ಬರೆದು, ಮುಗಿಯುವ ಮೊದಲೇ ಇನ್ನೊಂದು ತಂದಿಟ್ಟುಕೊಳ್ಳಿ. ಭಾನುವಾರ ಬಾಟಲಿ ಖಾಲಿಯಾಗಿ, "ಇರಲಿ, ನಾಳೆ ಹಾಕಿದರಾಯಿತು" ಎಂದು ಬಿಟ್ಟುಕೊಡುವಂಥ ಔಷಧವಲ್ಲ ಇದು.

ಶನಿವಾರ ರಾತ್ರಿಯಿಂದ ಕಣ್ಣು ಕೆಂಪು, ನೋವು. ಆಪರೇಷನ್ ಆಗಿ ನಾಲ್ಕು ದಿನ. ಸೋಮವಾರ ಹೇಗೂ ಚೆಕಪ್ ಇದೆ, ಅಲ್ಲಿವರೆಗೆ ಕಾಯಬಹುದೇ ಎಂದು ನೆರೆಯವರು ಕೇಳಿದ್ದರು. ಏನು ಹೇಳಬೇಕಿತ್ತು? — ಓದುಗರು, ಬನಶಂಕರಿ

ಕಾಯಬಾರದು. ಆ ರಾತ್ರಿಯೇ ಹೋಗಬೇಕು. ದೃಷ್ಟಿ ನಿನ್ನೆಗಿಂತ ಇವತ್ತು ಮಬ್ಬಾಗುವುದು, ನೋವು ಹೆಚ್ಚುತ್ತಾ ಹೋಗುವುದು, ಕೆಂಪು ಏರುವುದು, ರೆಪ್ಪೆ ಊದುವುದು, ಕೀವಿನಂಥ ಪಿಸುರು ಬರುವುದು, ಇವುಗಳಲ್ಲಿ ಒಂದು ಕಂಡರೂ ಕಣ್ಣಿನೊಳಗೆ ಸೋಂಕಾಗಿರಬಹುದು. ಇದು ಅಪರೂಪ. ಆದರೆ ಬಂದರೆ ಹೆಚ್ಚಾಗಿ ಮೊದಲ ವಾರದಲ್ಲೇ ಬರುತ್ತದೆ, ಗಂಟೆಗಳ ಲೆಕ್ಕದಲ್ಲಿ ರೆಟಿನಾವನ್ನು ಹಾಳುಮಾಡುತ್ತದೆ. ಆಂಟಿಬಯೋಟಿಕ್ಕನ್ನು ಕಣ್ಣಿನೊಳಕ್ಕೇ ಇಂಜೆಕ್ಷನ್ ಆಗಿ ಕೊಡಬೇಕಾಗುತ್ತದೆ. ಮನೆಯಲ್ಲಿ ಡ್ರಾಪ್ಸ್ ಹೆಚ್ಚಿಸುತ್ತಾ ಕೂರುವುದರಿಂದ ಏನೂ ಆಗದು. ಡಿಸ್ಚಾರ್ಜ್ ಚೀಟಿಯಲ್ಲಿ ರಾತ್ರಿಯ ತುರ್ತು ಫೋನ್ ನಂಬರು ಇದೆಯೇ ಎಂದು ಆಸ್ಪತ್ರೆಯಿಂದ ಹೊರಡುವ ಮುಂಚೆಯೇ ನೋಡಿಕೊಳ್ಳಿ. ಮಿಂಚಿನಂಥ ಬೆಳಕು, ಒಮ್ಮೆಲೇ ತುಂಬಾ ಕಪ್ಪು ಚುಕ್ಕೆಗಳು, ಪಕ್ಕದಿಂದ ಪರದೆ ಇಳಿದ ಹಾಗೆ ಕಂಡರೆ ರೆಟಿನಾ ಕಳಚುತ್ತಿರಬಹುದು, ಅದಕ್ಕೂ ಇದೇ ಅವಸರ.

ಮರಳು ಬಿದ್ದ ಹಾಗೆ ಕಿರಿಕಿರಿ, ಸ್ವಲ್ಪ ನೀರು, ಬಿಸಿಲಿಗೆ ಕಣ್ಣು ಕುಕ್ಕುವುದು ಮಾತ್ರ ಇದ್ದು ದಿನದಿನಕ್ಕೆ ಕಡಿಮೆಯಾಗುತ್ತಿದ್ದರೆ ಭಯವಿಲ್ಲ.

ತಲೆಸ್ನಾನ, ಅಡುಗೆ, ಪೂಜೆ, ವಾಕಿಂಗ್, ಟಿವಿ, ಇವೆಲ್ಲ ಯಾವಾಗಿನಿಂದ? — ಓದುಗರು, ಬಸವನಗುಡಿ

ಟಿವಿ, ಮೊಬೈಲು, ಓದು ಮರುದಿನದಿಂದಲೇ. ಕಣ್ಣಿಗೆ ಆಯಾಸವಾದರೆ ನಿಲ್ಲಿಸಿ, ಅಷ್ಟೆ. ಸಮತಟ್ಟಾದ ಜಾಗದಲ್ಲಿ ನಿಧಾನದ ನಡಿಗೆಯೂ ಸರಿ. ಮೆಟ್ರೋ ಕಾಮಗಾರಿಯ ಧೂಳಿರುವ ರಸ್ತೆ ಬಿಟ್ಟು ಬೆಳಗ್ಗೆ ಬೇಗ ಹೋಗಿ, ಕನ್ನಡಕ ಹಾಕಿಕೊಂಡು.

ನೀರಿನ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು ಬೇಕು. ನಲ್ಲಿಯದಾಗಲಿ, ಬೋರ್‌ವೆಲ್ ಅಥವಾ ಟ್ಯಾಂಕರಿನದಾಗಲಿ, ಕುಡಿಯಲು ಆಗುವ ನೀರು ಕೂಡ ಗಾಯವಿರುವ ಕಣ್ಣಿಗೆ ಶುದ್ಧವಲ್ಲ. ಕುತ್ತಿಗೆಯಿಂದ ಕೆಳಗೆ ಸ್ನಾನ, ಮುಖಕ್ಕೆ ಒದ್ದೆ ಬಟ್ಟೆ. ಒಂದೆರಡು ವಾರದ ಮೇಲೆ ಡಾಕ್ಟರು ಹೂಂ ಎಂದರೆ ಬೇರೆಯವರಿಂದ ತಲೆ ಹಿಂದಕ್ಕೆ ಒರಗಿಸಿ ತೊಳೆಸಿಕೊಳ್ಳಿ. ಎಣ್ಣೆಸ್ನಾನ, ಈಜು ತಿಂಗಳ ನಂತರ. ಹಬ್ಬ ಬಂತೆಂದು ಇದನ್ನು ಸಡಿಲಿಸಬೇಡಿ.

ಗಾಯಕ್ಕೆ ಹೊಲಿಗೆ ಇಲ್ಲ, ಒಳಗಿನ ಒತ್ತಡವೇ ಅದನ್ನು ಮುಚ್ಚಿ ಹಿಡಿದಿರುತ್ತದೆ. ಉಸಿರು ಬಿಗಿಹಿಡಿದು ತಿಣುಕಿದರೆ ಆ ಒತ್ತಡ ಏರುಪೇರಾಗುತ್ತದೆ. 20 ಲೀಟರಿನ ನೀರಿನ ಕ್ಯಾನ್ ಎಂದರೆ 20 ಕಿಲೋ. ಅದನ್ನು ಎತ್ತುವುದು, ಗ್ಯಾಸ್ ಸಿಲಿಂಡರ್ ಎಳೆಯುವುದು ಒಂದು ತಿಂಗಳು ಬೇರೆಯವರ ಕೆಲಸ. ಮಲಬದ್ಧತೆ, ಕೆಮ್ಮು ಇದ್ದರೆ ಅದಕ್ಕೂ ಔಷಧ ಕೇಳಿ. ಸಾಷ್ಟಾಂಗ ನಮಸ್ಕಾರ, ಶೀರ್ಷಾಸನ ಬೇಡ, ದೇವರಿಗೆ ನಿಂತೇ ಕೈಮುಗಿಯಬಹುದು. ಕರ್ಪೂರದ ಹೊಗೆಯಿಂದ ದೂರವಿರಿ. ಕುಂಕುಮ, ವಿಭೂತಿಯ ಪುಡಿ ಕಣ್ಣಿಗೆ ಉದುರುತ್ತದೆ, ಕೆಲವು ದಿನ ಬಿಡಿ. ಅಡುಗೆ ಒಂದು ವಾರದ ನಂತರ ಮಾಡಬಹುದು, ಆದರೆ ಸಾಸಿವೆ ಸಿಡಿಯುವಾಗ, ಮೆಣಸಿನಕಾಯಿ ಹುರಿಯುವಾಗ ಒಲೆಯ ಮುಂದೆ ಬಾಗಬೇಡಿ.

ಎಲ್ಲಕ್ಕಿಂತ ದೊಡ್ಡ ಶತ್ರು ಕೈ. ಹಗಲು ನೆನಪಿರುತ್ತದೆ, ನಿದ್ದೆಯಲ್ಲಿ ಉಜ್ಜಿಕೊಂಡುಬಿಡುತ್ತಾರೆ. ಅದಕ್ಕೇ ಒಂದು ವಾರವಾದರೂ ರಾತ್ರಿ ಪ್ಲಾಸ್ಟಿಕ್ ಶೀಲ್ಡ್ ಅಂಟಿಸಿ, ಆಪರೇಷನ್ ಆದ ಪಕ್ಕಕ್ಕೆ ಮಲಗಬೇಡಿ. ಸ್ಕೂಟರ್ ಓಡಿಸುವುದು ಡಾಕ್ಟರು ದೃಷ್ಟಿ ಪರೀಕ್ಷಿಸಿ ಒಪ್ಪಿದ ಮೇಲೆಯೇ.

ಒಂದು ಕಣ್ಣಿಗೆ ಆಗಿದೆ. ಆ ಕಣ್ಣಲ್ಲಿ ಎಲ್ಲ ನೀಲಿಯಾಗಿ ಕಾಣುತ್ತದೆ, ಹಳೆ ಕನ್ನಡಕ ಹಾಕಿದರೆ ತಲೆ ತಿರುಗುತ್ತದೆ. ಏನಾದರೂ ತಪ್ಪಾಗಿದೆಯೇ? — ಓದುಗರು, ಯಲಹಂಕ

ಇಲ್ಲ. ವಯಸ್ಸಾದ ಮಸೂರ ಹಳದಿಯಾಗಿ ನೀಲಿ ಬೆಳಕನ್ನು ತಡೆಯುತ್ತಿತ್ತು. ಈಗ ಕಾಣುತ್ತಿರುವುದು ಬಿಳಿಯ ನಿಜ ಬಣ್ಣ, ಕೆಲವು ವಾರದಲ್ಲಿ ಮಿದುಳು ಒಗ್ಗಿಕೊಳ್ಳುತ್ತದೆ. ಹಳೆ ಕನ್ನಡಕದ ಆ ಬದಿಯ ಗಾಜು ಈಗ ಹೊಂದುವುದಿಲ್ಲ, ಅಂಗಡಿಯಲ್ಲಿ ಅದನ್ನು ತೆಗೆಸಿ ಸಾದಾ ಗಾಜು ಹಾಕಿಸಿಕೊಳ್ಳಿ. ದೊಡ್ಡ ಮೈನಸ್ ನಂಬರಿದ್ದವರಿಗೆ ಎರಡು ಕಣ್ಣಿನ ಚಿತ್ರ ಬೇರೆಬೇರೆ ಅಳತೆಯಲ್ಲಿ ಕಂಡು ತಲೆ ತಿರುಗುತ್ತದೆ, ಅಂಥವರು ಎರಡನೇ ಕಣ್ಣನ್ನು ಬೇಗ ಮಾಡಿಸಿಕೊಳ್ಳುವುದು ಒಳ್ಳೆಯದು. ಹೊಸ ಕನ್ನಡಕಕ್ಕೆ ನಾಲ್ಕರಿಂದ ಆರು ವಾರ ಕಾಯಿರಿ. ಮುಂಚೆ ಮಾಡಿಸಿದರೆ ನಂಬರು ಬದಲಾಗಿ ಹಣ ಎರಡು ಸಲ ಹೋಗುತ್ತದೆ.

ಎರಡು ವರ್ಷದ ಹಿಂದೆ ಆಪರೇಷನ್ ಆಗಿ ಚೆನ್ನಾಗಿ ಕಾಣುತ್ತಿತ್ತು. ಈಗ ಮತ್ತೆ ಮಂಜು. ಪೊರೆ ಮತ್ತೆ ಬೆಳೆಯಿತೇ? — ಓದುಗರು, ಕೆಂಗೇರಿ

ತೆಗೆದ ಪೊರೆ ಮತ್ತೆ ಬರುವುದಿಲ್ಲ. ಹೊಸ ಲೆನ್ಸ್ ಕೂರಿಸಲು ಹಳೆಯ ಮಸೂರದ ತೆಳು ಚೀಲವನ್ನು ಉಳಿಸಿಕೊಂಡಿರುತ್ತಾರೆ. ಅಲ್ಲಿ ಉಳಿದ ಜೀವಕೋಶಗಳು ಬೆಳೆದು ಚೀಲದ ಹಿಂಬದಿ ಮಸುಕಾಗುತ್ತದೆ. ಯಾಗ್ ಎಂಬ ಲೇಸರಿನಿಂದ ಅದರ ನಡುವೆ ಕಿಂಡಿ ಮಾಡಿದರೆ ಬೆಳಕು ಮೊದಲಿನಂತೆ ಒಳಹೋಗುತ್ತದೆ. ಕುರ್ಚಿಯಲ್ಲಿ ಕೂತು, ಗದ್ದ ಒರಗಿಸಿ, ಕೆಲವೇ ನಿಮಿಷದ ಕೆಲಸ. ಗಾಯವಿಲ್ಲ, ಬ್ಯಾಂಡೇಜಿಲ್ಲ, ತಲೆಸ್ನಾನಕ್ಕೂ ತಡೆಯಿಲ್ಲ. ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕುವುದರಿಂದ ಅಂದು ಗಾಡಿ ಓಡಿಸಬೇಡಿ, ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ಆಮೇಲೆ ಕೆಲವು ದಿನ ನೊಣ ಹಾರಿದ ಹಾಗೆ ಚುಕ್ಕೆ ಕಾಣಬಹುದು. ಚುಕ್ಕೆಗಳು ಹೆಚ್ಚುತ್ತಾ ಹೋದರೆ, ಮಿಂಚು ಕಂಡರೆ, ಅದೇ ದಿನ ಡಾಕ್ಟರಿಗೆ ತೋರಿಸಿ.